ಭದ್ರವಾಗಿ ಇಟ್ಟ ಡಿಕ್ರಿ

ಬೇಡದ ಕಾಗದ ನಮ್ಮ ಮನೆಯಲ್ಲಿ ಕರೆಯದೆಯೂ ಬರುತ್ತದೆ. ಯಾರದೋ ಗೃಹಪ್ರವೇಶದ ಆಮಂತ್ರಣ, ಗುಜರಿಗೆ ಹೋದ ಮಿಕ್ಸರಿನ ಗ್ಯಾರಂಟಿ ಕಾರ್ಡು, ಎಂದೋ ಮುಗಿದ ಗ್ಯಾಸ್ ಸಿಲಿಂಡರಿನ ಚೀಟಿ, ಯಾವ ಡ್ರಾಯರ್ ಎಳೆದರೂ ಇವು ಎದ್ದು ನಮಸ್ಕಾರ ಹೇಳುತ್ತವೆ. ಬೇಕಾದದ್ದು ಮಾತ್ರ ಸಿಗುವುದಿಲ್ಲ, ಯಾಕೆಂದರೆ ಅದನ್ನು ನಾನು ಭದ್ರವಾಗಿ ಇಟ್ಟಿರುತ್ತೇನೆ. "ಭದ್ರ ಇಟ್ಟೇನಿ ಬೇ" ಅಂದರೆ ನಮ್ಮ ಅವ್ವ, "ಹಂಗಾರ ಅದರ ಆಸೆ ಬಿಡು" ಅನ್ನುತ್ತಾಳೆ.

ನಾನು ಬೈಲಹೊಂಗಲದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಾಲ್ಕು ವರ್ಷದ ಹಿಂದೆ ಸುರೇಬಾನದ ಗಂಡನಿಗೂ ನನಗೂ ಕೋರ್ಟಿನಲ್ಲಿ ಬಿಡುಗಡೆಯಾಯಿತು. ಹೊಡೆದಾಟ ಬಡಿದಾಟ ಏನೂ ಇರಲಿಲ್ಲ, ಇಬ್ಬರಿಗೂ ಸಾಕಾಗಿತ್ತು, ಅಷ್ಟೆ. ಆದರೆ ಗಂಡನನ್ನು ಬಿಡುವುದು ಒಂದು ಕೆಲಸ, ಕಾಗದಗಳಿಂದ ಬಿಡಿಸಿಕೊಳ್ಳುವುದು ಹತ್ತು ಕೆಲಸ ಎಂದು ಆಗ ಯಾರೂ ಹೇಳಿರಲಿಲ್ಲ. ಬ್ಯಾಂಕು ಕೇಳಿತು, ಆಧಾರ್ ಕೇಳಿತು, ಎಲ್ಲಕ್ಕೂ ಒಂದೊಂದು ದಿನ ರಜೆ ಹಾಕಿ ಮುಗಿಸಿದೆ. ರೇಷನ್ ಕಾರ್ಡು ಮಾತ್ರ ಜಗ್ಗಲಿಲ್ಲ. ಸುರೇಬಾನದ ಕಾರ್ಡಿನಲ್ಲಿ ನಾನು ಇನ್ನೂ 'ಸೊಸೆ'ಯಾಗಿಯೇ ಕುಳಿತಿದ್ದೆ.

ನನ್ನ ಪಾಲಿನ ಅಕ್ಕಿಯನ್ನು ಆ ಅತ್ತೆ ಒಯ್ಯುವುದಕ್ಕೆ ನನ್ನ ತಕರಾರಿಲ್ಲ. ಮುದುಕಿ ಒಳ್ಳೆಯವಳು, ಉಣ್ಣಲಿ. ನನ್ನ ಆಸೆಯೇ ಬೇರೆ. ಅಪ್ಪ ಇದ್ದಾಗ ಅವನ ಕಾರ್ಡಿನಲ್ಲಿ ನಾನು ತಮ್ಮನಿಗಿಂತ ಕೆಳಗೆ, ನಾಲ್ಕನೆಯ ಸಾಲಿನ ಮಗಳು, ಸುರೇಬಾನದಲ್ಲಿ ಮೂರನೆಯ ಸಾಲಿನ ಸೊಸೆ. ಒಂದೇ ಒಂದು ಕಾಗದದಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೇಲೆ, 'ಕುಟುಂಬದ ಮುಖ್ಯಸ್ಥೆ' ಎಂದು ಬರಬೇಕು. ನಗಬೇಡಿ. ನಲವತ್ತೆರಡು ವರ್ಷದ ಹೆಂಗಸಿಗೆ ಇದಕ್ಕಿಂತ ದೊಡ್ಡ ಆಸೆಗಳು ಇರಬಹುದು, ನನಗಂತೂ ಇದೇ ಇತ್ತು.

ಹೊಸ ಕಾರ್ಡಿನ ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ. ಈ ಸಲ ತೆರೆದಾಗ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಮಕ್ಬೂಲ್ ಸಾಹೇಬರು ತಾವಾಗಿ ಫೋನ್ ಮಾಡಿದರು. "ಟೀಚರ್ರ, ಮೂರ ದಿನ ಅಷ್ಟ ಐತ್ರಿ. ನಾಡದ ಸಂಜಿಗೆ ಬಂದ್. ಕೋರ್ಟಿನ ಡಿಕ್ರಿ ತರ್ರಿ, ಅದ ಇಲ್ದ ಹಳೇ ಕಾರ್ಡಿನ್ಯಾಗಿಂದ ಹೆಸರ ತಗ್ಯಾಕ ಬರಂಗಿಲ್ಲ."

"ಮುಂದ ಮತ್ತ ಯಾವಾಗ ತಗೀತಾರ್ರಿ?"

"ಅದು ಆ ಅಲ್ಲಾಗ ಗೊತ್ತು."

ಡಿಕ್ರಿಯೇನು, ಭದ್ರವಾಗಿ ಇಟ್ಟಿದ್ದೆ! ಪ್ಲಾಸ್ಟಿಕ್ ಫೈಲಿನಲ್ಲಿ ಮದುವೆಯ ಸರ್ಟಿಫಿಕೇಟು ಇತ್ತು, ಲಗ್ನಪತ್ರಿಕೆ ಇತ್ತು, ಬಿಡುಗಡೆಯ ಕಾಗದ ಇರಲಿಲ್ಲ. ಟ್ರಂಕು ಬಗ್ಗಿಸಿದೆ, ಅಲಮಾರಿ ಬರಿದು ಮಾಡಿದೆ, ಗಾದಿಯ ಕೆಳಗೆ ಕೈ ಹಾಕಿದೆ, ಪರೀಕ್ಷೆಯ ಪೇಪರಿನ ಕಟ್ಟು ಬಿಚ್ಚಿದೆ. ಒಬ್ಬ ವಿದ್ಯಾರ್ಥಿ ನಾಲ್ಕು ವರ್ಷದ ಹಿಂದೆ ಬರೆದ ರಜಾ ಅರ್ಜಿ ಸಿಕ್ಕಿತು. ಕೋರ್ಟಿನಿಂದ ಇನ್ನೊಂದು ನಕಲು ತೆಗೆಸಬಹುದಿತ್ತು, ಆದರೆ ಅದು ಮೂರು ದಿನದಲ್ಲಿ ಆಗುವ ಮಾತಲ್ಲ.

ಹುಡುಕುತ್ತ ಸೋತು ಕುಳಿತಾಗ ದೇಗಾಂವದ ಕಮಲನಾರಾಯಣ ಗುಡಿ ನೆನಪಾಯಿತು. ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಕಲ್ಲಿನ ಕೆತ್ತನೆ ತೋರಿಸುತ್ತೇನೆ, ಶಾಸನಗಳ ಬಗ್ಗೆ ಉಪನ್ಯಾಸ ಬಿಗಿಯುತ್ತೇನೆ. ಹಳೆಯ ಕಾಲದವರು ಜಾಣರು ನೋಡಿ. ಬೇಕಾದ ದಾಖಲೆಯನ್ನು ಆಳೆತ್ತರದ ಕಲ್ಲಿನಲ್ಲಿ ಕೆತ್ತಿಸಿ ಊರ ನಡುವೆ ನಿಲ್ಲಿಸುತ್ತಿದ್ದರು. ಅದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳವಾಗಿ ಹುಟ್ಟಲಿ ಎಂದು ಕೊನೆಗೆ ಶಾಪವನ್ನೂ ಸೇರಿಸುತ್ತಿದ್ದರು. ನನ್ನ ಡಿಕ್ರಿಯನ್ನೂ ಹಾಗೆ ಕಲ್ಲಿನಲ್ಲಿ ಬರೆಸಿ ಅಂಗಳದಲ್ಲಿ ನೆಟ್ಟಿದ್ದರೆ ಓಣಿಯವರೂ ಒಮ್ಮೆ ಓದಿಕೊಂಡು ಸುಮ್ಮನಾಗುತ್ತಿದ್ದರು, ನನಗೂ ಈ ಹುಡುಕಾಟದ ತಾಪತ್ರಯ ಇರುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಅವ್ವನನ್ನು ಕೇಳಲಿಲ್ಲ. ಬಿಡುಗಡೆಯಾದಾಗಿನಿಂದ ನಾವಿಬ್ಬರೇ ಇರುವುದು. ಅವಳಿಗೆ ಓದು ಬರುವುದಿಲ್ಲ, 'ಕಾಗದದ ಕೆಲಸ ನನಗ ಬಿಡು' ಎಂದು ನಾಲ್ಕು ವರ್ಷ ಅವಳ ಮುಂದೆ ಮೆರೆದವಳು ನಾನು. ಈಗ ಯಾವ ಬಾಯಿಂದ ಕೇಳಲಿ? ಮೂರನೆಯ ದಿನ ಬೆಳಿಗ್ಗೆ ಅವಳೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮೂರ ದಿನದಿಂದ ಬೆಕ್ಕಿನ ಗತೆ ಮೂಲಿ ಮೂಲಿ ಮೂಸಾಕ ಹತ್ತೀಯಲ್ಲ, ಏನ ಹುಡಕತಿ?" ಎಂದಳು.

"ಡಿಕ್ರಿ ಬೇ. ಕೋರ್ಟಿಂದು."

"ಸೋಡಚೀಟಿನ? ಅಯ್ಯ ನನ್ನ ಹುಚ್ಚಿ! ದಿನಾ ಅದನ್ನ ಹೊಚಗೊಂಡ ಮಲಗತೀಯಲ್ಲ!"

ನಮ್ಮ ಕಡೆ ಹಳೆಯ ಸೀರೆಗಳನ್ನು ಪದರುಪದರಾಗಿ ಹಾಸಿ ಹೊದೆಯಲು ಕೌದಿ ಹೊಲಿಯುತ್ತಾರೆ. ಅಂಚಿನಿಂದ ಹೊಲಿಯುತ್ತ ಬಂದು ನಡುವಿನ ಹೊಟ್ಟೆ ಮುಚ್ಚುವಾಗ ಒಳಗೆ ಒಂದು ತುಂಡು ರೊಟ್ಟಿ, ಚೂರು ಬೆಲ್ಲ ಇಡುವುದು ನಮ್ಮ ಓಣಿಯ ಪದ್ಧತಿ. ಕೌದಿ ಹಸಿದಿರಬಾರದಂತೆ. ಎರಡು ವರ್ಷದ ಹಿಂದೆ ಅವ್ವ ಮತ್ತು ಪಕ್ಕದ ಮನೆಯ ಹಜರಾಬಿ ಕೂಡಿ ನನಗೊಂದು ಕೌದಿ ಹೊಲಿದರು. ಟ್ರಂಕಿನ ತಳದ ಹಳೆಯ ಸೀರೆ ಬಿಚ್ಚಿದಾಗ ಮಡಿಕೆಯಿಂದ ಕಾಗದ ಬಿತ್ತಂತೆ. ಅಲ್ಲಿಟ್ಟ ಜಾಣೆ ನಾನೇ, ಮರೆತವಳೂ ನಾನೇ. ಕೋರ್ಟಿನ ನೀಲಿ ಶಿಕ್ಕಾ ನೋಡಿ ಅವ್ವನಿಗೆ ಅದು ಏನೆಂದು ಗೊತ್ತಾಯಿತು. ಬೆಲ್ಲ ರೊಟ್ಟಿಯ ಜೊತೆ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೌದಿಯ ಹೊಟ್ಟೆಗೆ ಹಾಕಿ ಹೊಲಿದುಬಿಟ್ಟಳು.

"ಅಲ್ಲ ಬೇ, ಫೈಲಿನ್ಯಾಗ ಇಡಬಾರದಾಗಿತ್ತ?"

"ಅದರಾಗ ಲಗ್ನದ ಕಾಗದ ಐತಿ. ಕೋರ್ಟಿನವರು ನಿಮ್ಮಿಬ್ಬರನ್ನ ಬ್ಯಾರೆ ಮಾಡ್ಯಾರ, ನಾ ಮತ್ತ ಎರಡೂ ಕಾಗದ ಒಂದ ಚೀಲದಾಗ ಇಡ್ಲೇನ?"

"ಹೇಳಬಾರದಾಗಿತ್ತ?"

"ನೀ ಎಲ್ಲಿ ಕೇಳಿದಿ? ಆ ಕಾಗದ ಬಂದ ಮ್ಯಾಲನ ನಿನಗ ಕಣ್ಣತುಂಬ ನಿದ್ದಿ ಬಂದದ್ದು. ಅದಕ್ಕ ಹಾಸಗ್ಯಾಗ ಇಟ್ಟೆ."

ಸಿಟ್ಟು ಬಂತು, ನಗು ಬಂತು, ಕಣ್ಣೂ ತುಂಬಿತು. ಕೌದಿ ಹೊರಳಿದಾಗೆಲ್ಲ ಚರಚರ ಅನ್ನುತ್ತಿದ್ದುದನ್ನು ನಾನು ಯಾವುದೋ ಸೀರೆಯ ಗಂಜಿ ಎಂದುಕೊಂಡಿದ್ದೆ. ಒಗೆಯಲು ತೆಗೆದಾಗ "ಬಿಸಲಿಗೆ ಹಾಕಿದ್ರ ಸಾಕು" ಎಂದು ಅವ್ವ ಅಡ್ಡ ಬರುತ್ತಿದ್ದುದೂ ಈಗ ಅರ್ಥವಾಯಿತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಬೆಲ್ಲ ಕರಗಿ ಹೋಗಿತ್ತು, ರೊಟ್ಟಿ ಪುಡಿಯಾಗಿತ್ತು, ನನ್ನ ಡಿಕ್ರಿ ಮಾತ್ರ ಇಸ್ತ್ರಿ ಮಾಡಿದಂತೆ ಇತ್ತು.

ಹೆಬ್ಬೆಟ್ಟು ಕೊಡಲು ಅವ್ವನನ್ನೂ ಕರೆದುಕೊಂಡು ಸೆಂಟರಿಗೆ ಓಡಿದೆ. ಸರ್ವರ್ ಎರಡು ತಾಸು ಸತಾಯಿಸಿತು. ಕೊನೆಗೆ ಸಾಹೇಬರು ಡಿಕ್ರಿ ಏರಿಸಿ, ಸುರೇಬಾನದ ಸೊಸೆಯನ್ನು ಅಳಿಸಿ, ತಲೆ ಕೆರೆದುಕೊಂಡರು. "ಟೀಚರ್ರ, ಅವ್ವಾರ ಹೆಸರೂ ಸೇರಿಸಿದ್ರ ಮುಖ್ಯಸ್ಥೆ ಅವರ ಆಗತಾರ್ರಿ. ಈಗಿನ ರೂಲ್ ಪ್ರಕಾರ ಮನ್ಯಾಗ ಹಿರೇ ಹೆಣಮಗಳ ಹೆಸರ ಮ್ಯಾಲ ಬರತೈತಿ."

ಸುಳ್ಳು ಯಾಕೆ ಹೇಳಲಿ, ಆ ಮೇಲಿನ ಸಾಲು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಅವ್ವನಿಗೆ ಅದು ಹೇಗೆ ತಿಳಿಯಿತೋ, "ನಂದ ಬಿಡ್ರಿ ಸಾಹೇಬ್ರ, ಆಕೀದ ಹಾಕ್ರಿ. ಇಷ್ಟ ವರ್ಷ ಇಲ್ಲದ್ದು ನನಗ ಈಗ್ಯಾಕ?" ಎಂದಳು.

ಅವಳನ್ನೇ ನೋಡಿದೆ. ಎಪ್ಪತ್ತು ದಾಟಿದ ಜೀವ. ಅವಳ ಹೆಸರು ಮೊದಲು ಅವಳ ಅಪ್ಪನ ಕೆಳಗೆ, ನಮ್ಮ ಅಪ್ಪನ ಕೆಳಗೆ, ಆಮೇಲೆ ನನ್ನ ತಮ್ಮನ ಕಾರ್ಡಿನಲ್ಲಿ ಅವನ ಹೆಂಡತಿಯ ಕೆಳಗೆ. ತಮ್ಮ ಅಲ್ಲಿಂದ ತೆಗೆಸಿದ ಮೇಲೆ ಎಲ್ಲಿಯೂ ಇಲ್ಲ. ನಾಲ್ಕನೆಯ ಸಾಲಿನಿಂದಲೋ ಮೂರನೆಯ ಸಾಲಿನಿಂದಲೋ ಮೇಲೆ ಬರಲು ನಾನು ಇಷ್ಟು ಹಾರಾಡಿದೆ, ಇವಳು ಬಾಯಿ ಬಿಟ್ಟು ಒಂದು ಮಾತೂ ಆಡಿರಲಿಲ್ಲ.

"ಅವ್ವನ ಹೆಸರ ಮ್ಯಾಲ ಹಾಕ್ರಿ" ಎಂದೆ. ಈ ಮೊದಲು ನನ್ನನ್ನು ಒಬ್ಬರ ಕೆಳಗೆ ಬೇರೆಯವರು ಬರೆಸುತ್ತಿದ್ದರು. ಈ ಸಲ ನಾನೇ ಬರೆಸಿಕೊಂಡೆ, ಮತ್ತು ಆ ಎರಡನೆಯ ಸಾಲಿನಲ್ಲಿ ನನಗೆ ಬಹಳ ಹಾಯೆನಿಸಿತು.

ಅರ್ಜಿಯ ಚೀಟಿಯನ್ನು ಅವ್ವ ದಾರಿಯುದ್ದಕ್ಕೂ ತಾನೇ ಹಿಡಿದುಕೊಂಡು ಬಂದಳು. ಮನೆಯ ಹೊಸ್ತಿಲ ಮೇಲೆ ನಿಂತು, ಸೆರಗು ಸರಿಮಾಡಿಕೊಂಡು, "ನೋಡವ್ವಾ, ಇನ್ನ ಮ್ಯಾಲ ಈ ಮನ್ಯಾಗ ನಂದ ಮಾತ ನಡೀತೈತಿ" ಎಂದಳು.

ಇಷ್ಟು ದಿನ ಯಾರದು ನಡೆಯುತ್ತಿತ್ತು ಎಂದು ನಾನು ಕೇಳಲಿಲ್ಲ.