ಮತ್ತಿಗಿರಿಯಲ್ಲಿ ಇಲ್ಲದ ವರ

ಮತ್ತಿಗಿರಿಯಲ್ಲಿ ಅಂಥ ಹುಡುಗ ಇರಲೇ ಇಲ್ಲ, ಸುಮಿತ್ರಮ್ಮ. ಫ್ಯಾಕ್ಟರಿಯಲ್ಲಿ ಎಂಜಿನಿಯರು, ಒಬ್ಬನೇ ಮಗ, ಕಾಫಿಯನ್ನೂ ಮುಟ್ಟದ ಗುಣವಂತ — ಅಷ್ಟನ್ನೂ ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು, ನಿಮ್ಮ ತಾಯಿ ಕೊಟ್ಟ ಕಾಫಿ ಕುಡಿಯುತ್ತಲೇ ನಾನು ಹುಟ್ಟಿಸಿದೆ.

ನಾನು ಹೊಸೂರಿನಲ್ಲಿ ಖಾಸಗಿ ಪತ್ತೇದಾರನಾಗಿದ್ದೆ. ಹೆಸರೇನೋ ದೊಡ್ಡದು. ಕೆಲಸವೆಲ್ಲ ಹುಡುಗ ಕುಡಿಯುತ್ತಾನೆಯೇ, ಹುಡುಗಿಯ ಮನೆಯವರು ಜಗಳಗಂಟರೇ ಎಂದು ಬೀದಿ ಬೀದಿಯಲ್ಲಿ ವಿಚಾರಿಸುವುದು. ಗಡಿ ದಾಟಿ ಕರ್ನಾಟಕದಿಂದ ಬಂದು ಫ್ಯಾಕ್ಟರಿ ಸೇರಿದವರ ಹಿಂದುಮುಂದು ಇಲ್ಲಿ ಯಾರಿಗೂ ಗೊತ್ತಿರದ ಕಾರಣ ನನ್ನ ಹೊಟ್ಟೆಪಾಡು ನಡೆಯುತ್ತಿತ್ತು. ಹಾಗಿರುವಾಗ ಬಾಗಲೂರು ಕಡೆಯ ರೈತ ಪಾಪಣ್ಣ ಬಂದರು. ಅವರ ಊರಿನ ಕೆರೆಗೆ ಮಣ್ಣು ತುಂಬಿಸಿ ಸೈಟು ಮಾಡುತ್ತಿದ್ದರು. ಮಾಡಿಸುತ್ತಿರುವವರು ಪಂಚಾಯಿತಿ ಚೇರ್ಮನ್, ಅಂದರೆ ನಿಮ್ಮ ತಂದೆ, ಎಂದು ಎಲ್ಲರಿಗೂ ಗೊತ್ತು. ಯಾರ ಯಾರ ಹೆಸರಿನಲ್ಲಿ ಎಂಬುದು ಮಾತ್ರ ಗುಟ್ಟು. ಅದನ್ನು ಪತ್ತೆ ಮಾಡಿಕೊಡಿ ಎಂದರು.

ಕಪ್ಪು ಕನ್ನಡಕ ಹಾಕಿಕೊಂಡು ನಿಮ್ಮೂರಿಗೆ ಬಂದೆ. ಗುಟ್ಟಾಗಿ ಓಡಾಡುವುದರಲ್ಲಿ ನಾನು ಎಂಥ ಪಂಡಿತನೆಂದರೆ, ಬಸ್ಸಿಳಿದು ಒಂದು ಟೀ ಕುಡಿಯುವಷ್ಟರಲ್ಲಿ ಸಿಕ್ಕಿಬಿದ್ದೆ. ಇಸ್ತ್ರಿ ಮಾಡಿದ ಶರ್ಟಿನ ಅಪರಿಚಿತನೊಬ್ಬ ಮದುವೆ ವಯಸ್ಸಿನ ಹುಡುಗಿ ಇರುವ ಮನೆಯ ದಾರಿ ಕೇಳಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಟೀ ಅಂಗಡಿಯವನೇ ನನ್ನನ್ನು ಕರೆತಂದು, “ಚೇರ್ಮನ್ರೇ, ಹೆಣ್ಣು ಇಚಾರ್ಸಕ್ ಬಂದವ್ರೆ” ಎಂದು ನಿಮ್ಮ ತಂದೆಗೆ ಒಪ್ಪಿಸಿದ. ಅಲ್ಲ ಎನ್ನಬಹುದಿತ್ತು — ಆದರೆ ಅವರು ಆಗಲೇ ನನಗೆಂದು ಕುರ್ಚಿ ಒರೆಸುತ್ತಿದ್ದರು...

ಮುದ್ದೆ, ಕೋಳಿಸಾರು ಮುಗಿದ ಮೇಲೆ ಅವರೇ ನನ್ನನ್ನು ಜೀಪಿನಲ್ಲಿ ಕೆರೆಗೆ ಕರೆದೊಯ್ದರು.

“ನೋಡಿ ಸಾ, ಮುಂದಿನ್ ಸಾಲು ನಮ್ಮತ್ತೆ ಹೆಸ್ರಲ್ಲೈತೆ. ಆ ಕಡೇದು ಡ್ರೈವರ್ ಹೆಸ್ರಲ್ಲಿ. ಮೂಲೇದು ಅಡಿಗೆಯೋಳ್ ಹೆಸ್ರಲ್ಲಿ — ಪಾಪ, ಅವ್ಳಿಗೇ ಗೊತ್ತಿಲ್ಲ! ಎಲ್ಲಾ ನಮ್ದೇಯ. ಹುಡ್ಗನ್ ಕಡೆಯೋರ್ಗೆ ಹೇಳ್ಬುಡಿ, ನಾವೇನೂ ಕಮ್ಮಿ ಇಲ್ಲ ಅಂತ.”

ನನ್ನ ವೃತ್ತಿಯ ಅತಿ ದೊಡ್ಡ ಗುಟ್ಟು, ನಾನು ಒಂದು ಮಾತೂ ಕೇಳದೆ ರಟ್ಟಾಯಿತು. ಆ ಹೆಸರುಗಳನ್ನು ಹಿಡಿದು ಪಾಪಣ್ಣ ಕೋರ್ಟಿಗೆ ಹೋದರು. ಕೆರೆ ಉಳಿಯಿತು, ನಿಮ್ಮ ತಂದೆಯ ಪದವಿ ಹೋಯಿತು. ಬಾಯಿಬಿಟ್ಟವನು ಭಾಮೈದನೇ ಎಂದು ಅವರು ಈಗಲೂ ಅವನ ಜೊತೆ ಮಾತು ಬಿಟ್ಟಿದ್ದಾರಂತೆ. ಹುಡುಗನ ಕಡೆಯಿಂದ ಬಂದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಕೆರೆಯ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಇರುವುದು ಬೇರೆಯದಕ್ಕೆ. ಅಂದು ನಾನು ಹೊರಡುವಾಗ ನೀವು ಒಳಗಿನಿಂದ ಬಂದು, ಎಲ್ಲರೆದುರೇ ಕೇಳಿದಿರಿ: “ಮದ್ವೆ ಆದ್ಮೇಲೂ ನಾನು ಕೆಲ್ಸಕ್ಕೆ ಹೋಗ್ಬೋದಾ ಅಂತ ಅವ್ರನ್ನ ಕೇಳ್ತೀರಾ?”

“ಕೇಳಿ ಹೇಳ್ತೀನಮ್ಮ” ಎಂದೆ. ಯಾರನ್ನು ಕೇಳಲಿ? ಮತ್ತೆ ನಿಮ್ಮೂರಿನ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಒಂದು ಮದುವೆ ಊಟದಲ್ಲಿ ನಿಮ್ಮ ತಾಯಿ ನನ್ನ ಪಕ್ಕದ ಎಲೆಗೇ ಕುಳಿತಿದ್ದರು. ನನ್ನ ಗುರುತು ಸಿಗಲಿಲ್ಲ. ಆಚೆಯ ಹೆಂಗಸಿಗೆ ಹೇಳುತ್ತಿದ್ದರು: “ನಮ್ ಸುಮಿತ್ರ ಕೆಲ್ಸದ್ ಮಾತೆತ್ತಿ ಒಳ್ಳೆ ಸಂಬಂಧ ಕಳ್ಕಂಡ್ಳು ಕಣಮ್ಮ. ನಾವೆಲ್ಲ ಬೈದ್ವಿ. ಆಮ್ಯಾಕೆ ಬಂದೋನ್ನ ಏನೂ ಕೇಳ್ದೆ ಕಟ್ಕಂಡ್ಳು. ಮನೇಲೇ ಅವ್ಳೆ. ಈಗ್ಲೂ ಏನ್ ಕೇಳುದ್ರೂ ಹೂಂ ಅಂತಾಳೆ, ಅಷ್ಟೇಯ.”

ಎಲೆಯ ಮುಂದಿನಿಂದ ಎದ್ದು ಬಂದೆ. ಇಷ್ಟು ವರ್ಷ ಈ ಕಥೆಯನ್ನು ಗೆಳೆಯರಿಗೆ ಹೇಳಿ ನಗಿಸಿದ್ದೇನೆ — ನಿಮ್ಮ ಪ್ರಶ್ನೆಯ ಭಾಗವನ್ನು ಯಾವತ್ತೂ ಹೇಳಿದ್ದಿಲ್ಲ.

ನೀವು ಕೇಳಿದ್ದರಿಂದ ಯಾರೂ ಹಿಂದೆ ಸರಿಯಲಿಲ್ಲ, ಸುಮಿತ್ರಮ್ಮ. ಸರಿಯಲು ಯಾರೂ ಇರಲಿಲ್ಲ. ಬರುವ ಭಾನುವಾರ ನಿಮ್ಮ ತಂದೆ ತಾಯಿಯ ಮುಂದೆ ನಿಂತು ಇದನ್ನು ನಾನೇ ಹೇಳುತ್ತೇನೆ. ಅವರು ಹೊಡೆದರೆ ಹೊಡೆಯಲಿ. ನೀವೂ ಬನ್ನಿ. ನಿಮ್ಮದೇನೂ ತಪ್ಪಿರಲಿಲ್ಲ ಎಂಬ ಮಾತು ಅವರ ಕಿವಿಗೆ ಬೀಳುವಾಗ ನೀವು ಅಲ್ಲಿದ್ದು ಕೇಳಬೇಕು.