ಸುಮ್ಮನಿದ್ದ ಪೆಟ್ಟಿಗೆ

ಮೊನ್ನೆ ಕೂದಲಿಗೆ ಬಣ್ಣ ಹಚ್ಚಿಕೊಳ್ಳೋಣವೆಂದು ಪೊಟ್ಟಣ ಬಿಚ್ಚಿ ಬಟ್ಟಲಿಗೆ ಹಾಕಿದೆ. ಅಮೋನಿಯದ ಘಾಟು ಮೂಗಿಗೆ ಬಡಿಯಿತು. ಎದುರುಮನೆಯ ಅಕ್ಕ ನೆನಪಾದರು... ಬಟ್ಟಲನ್ನು ಹಾಗೇ ಕೆಳಗಿಟ್ಟೆ.

ಆಗ ನಾವು ಮರಾಠಿ ಸೀಮೆಯಲ್ಲಿ, ವಿಮಾನ ನಗರದ ಹಿಂದೆ ಬಾಡಿಗೆಗಿದ್ದೆವು. ನಮ್ಮ ಮನೆಯವರು ರಾಂಜಣಗಾಂವದ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಅಲ್ಲಿ ತಂಪು ಮಾಡುವುದೇ ಅಮೋನಿಯ ಗ್ಯಾಸು. ಅದು ಸೋರಿದರೆ ತಿಳಿಯಲೆಂದು ಎರಡು ವೈರ್‌ಲೆಸ್ ಪೆಟ್ಟಿಗೆ ಕೂರಿಸಿದವರು ವಿಜಯಪುರ ಕಡೆಯ ಈ ಅಕ್ಕ. ಒಂದು ಯಂತ್ರದ ಕೋಣೆಯಲ್ಲಿ, ಇನ್ನೊಂದು ಆಫೀಸಿನಲ್ಲಿ. ಗ್ಯಾಸು ಮಿತಿ ದಾಟಿದಾಗ ಮಾತ್ರ ಮೊದಲನೆಯದು ಎರಡನೆಯದಕ್ಕೆ ಸುದ್ದಿ ಕಳಿಸಬೇಕು, ಆಗ ಸೈರನ್ ಕೂಗಬೇಕು. ಕಂಪನಿಯವರು ಕೇಳಿದ್ದು ಇಷ್ಟೇ. ಅಕ್ಕನಿಗೆ ಅದು ಸರಿಬರಲಿಲ್ಲ.

"ಸುಮ್ಮ ಕುಂತದ ಅಂದ್ರ ಆರಾಮ ಅದ ಅಂತ ಹೆಂಗ ತಿಳೀಬೇಕ್ರಿ? ಸತ್ತೋರೂ ಸುಮ್ಮನ ಇರ್ತಾರ" ಎನ್ನುತ್ತಿದ್ದರು.

ಯಂತ್ರಗಳಿಗೆ ಪೂಜೆ ಮಾಡುವ ಖಂಡೇನವಮಿಯ ಬೆಳಿಗ್ಗೆ ಅವರ ಮನೆಯ ಇಂಟರ್‌ನೆಟ್ ಕೈಕೊಟ್ಟಿತು. ಲ್ಯಾಪ್‌ಟಾಪ್ ಹಿಡಿದು ನಮ್ಮ ಅಡುಗೆಮನೆಗೇ ಬಂದು ಕುಳಿತರು. ಅದೂ ದೇವರ ದಯೆಯೇ ಎಂದು ಈಗ ಅನಿಸುತ್ತದೆ. ನಾನು ಒಲೆಯ ಮೇಲೆ ಹೂರಣ ತಿರುವುತ್ತಿದ್ದೆ. ನಿಮಿಷಕ್ಕೊಮ್ಮೆ 'ಇದ್ದೇನೆ' ಎನ್ನಬೇಕೆಂದು ಮೊದಲ ಪೆಟ್ಟಿಗೆಗೆ ಹಿಂದಿನ ದಿನವೇ ಕಲಿಸಿದ್ದರು. ಅದು ಹಾಗೆ ಅನ್ನದಿದ್ದರೆ ಸೈರನ್ ಕೂಗಿಸು ಎಂದು ಎರಡನೆಯದಕ್ಕೆ ಹೇಳುವುದಷ್ಟೇ ಬಾಕಿ. ಲ್ಯಾಪ್‌ಟಾಪಿನಲ್ಲಿ ಅದನ್ನೂ ಹೇಳಿದರು. ಸ್ವಲ್ಪ ಹೊತ್ತಿಗೇ ಫೋನು ಬಂತು.

"ಮ್ಯಾಡಮ್, ಸೈರನ್ ಬಂದ್ ಕರಾ! ಪೂಜಾ ಚಾಲು ಆಹೆ!" ಸೈರನ್ ನಿಲ್ಲಿಸಿ, ಪೂಜೆ ನಡೆದಿದೆ ಎಂದು ಅಲ್ಲಿಯ ಸೂಪರ್‌ವೈಸರ್ ಮರಾಠಿಯಲ್ಲಿ ಕಿರುಚುತ್ತಿದ್ದ. ಹಬ್ಬದ ದಿನ ನಿಮ್ಮ ಪೆಟ್ಟಿಗೆಗೆ ಹುಚ್ಚು ಹಿಡಿದಿದೆ ಎಂದು ಹಂಗಿಸಿದ.

ಪರದೆಯ ಮೇಲೆ ಮೊದಲ ಪೆಟ್ಟಿಗೆ 'ಇದ್ದೇನೆ' ಎಂದಿರಲಿಲ್ಲ, ಗ್ಯಾಸಿನ ಸುದ್ದಿಯೂ ಇರಲಿಲ್ಲ. ತಮ್ಮದೇ ತಪ್ಪೇನೋ ಎಂದು ಅಕ್ಕನ ಮುಖ ಸಪ್ಪಗಾಯಿತು. ಸೈರನ್ ನಿಲ್ಲಿಸಲು ಬೆರಳು ಮುಂದೆ ಹೋಯಿತು.

"ನಿಮ್ಮ ಮನಿಯವರು ಎಲ್ಲಿ ಅದಾರ?"

"ಯಂತ್ರಕ್ಕ ಆರತಿ ಮಾಡೋರು ಅವರೇ ಅಲ್ರೀ ಅಕ್ಕಾ. ಒಳಗ ಹೊಂಟಿರ್ತಾರ."

ಬೆರಳು ಹಿಂದೆ ಸರಿಯಿತು. ಸೈರನ್ ನಿಲ್ಲುವುದಿಲ್ಲ, ಮೊದಲು ಎಲ್ಲರೂ ಹೊರಗೆ ಬನ್ನಿ ಎಂದು ಮರಾಠಿಯಲ್ಲೇ ಗದರಿಸಿದರು. ಫೋನು ಕಟ್ಟಾಯಿತು.

ಆಮೇಲಿನ ಹೊತ್ತು... ದೇವರ ಮುಂದೆ ನಿಂತರೆ ಒಂದು ಸ್ತೋತ್ರವೂ ಬಾಯಿಗೆ ಬರಲಿಲ್ಲ. 'ಅವ್ವಾ, ತಾಯೀ' ಎಂದಷ್ಟೇ. ಹೂರಣ ತಳ ಹಿಡಿಯಿತು. ಇಬ್ಬರೂ ಅತ್ತ ನೋಡಲಿಲ್ಲ.

ಕೊನೆಗೆ ಇವರದೇ ಫೋನು! ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಯಂತ್ರದ ಕೋಣೆಯ ಚಿಲಕಕ್ಕೆ ಕೈ ಹಾಕಿದ್ದರಂತೆ, ಆಗ ಸೈರನ್ ಕೂಗಿತಂತೆ. ಒಳಗೆ ವಾಲ್ವ್ ಸೋರಿ ಗ್ಯಾಸು ತುಂಬಿತ್ತು. ಆ ಕೋಣೆಯ ಪೆಟ್ಟಿಗೆ ಸುಮ್ಮನಾಗಿತ್ತು; ಬೆಳಿಗ್ಗೆ ಅದರ ಪ್ಲಗ್ಗನ್ನು ಕಿತ್ತವರೂ ಇವರೇ.

"ದೇವಿ ಫೋಟೋಕ್ಕ ಲೈಟಿನ ಸರ ಹಾಕಾಕ ಬ್ಯಾರೆ ಪ್ಲಗ್ ಸಿಗಲಿಲ್ಲಾ..." ಎಂದರು, ಸಣ್ಣ ದನಿಯಲ್ಲಿ.

"ದೇವಿಗೆ ಕತ್ತಲಂದ್ರ ಅಂಜಿಕಿ ಏನ್ರಿ ಅಣ್ಣಾರ?" ಎಂದು ಅಕ್ಕ ನಗಲು ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅಕ್ಕ ಹೋದ ವರ್ಷ ತೀರಿಕೊಂಡರು. ಎದೆನೋವು, ಆಸ್ಪತ್ರೆ ಮುಟ್ಟುವಷ್ಟರಲ್ಲೇ... ಈ ಚೈತ್ರದಲ್ಲಿ ನಮ್ಮ ಮಗಳ ಮದುವೆಯಾಯಿತು. ಇವರು ತಮ್ಮ ಕೈಯಿಂದಲೇ ಧಾರೆ ಎರೆದರು. ದೇವರು ಅಷ್ಟು ಕೊಟ್ಟ. ನೀರು ಬೀಳುವಾಗ ನಾನು ಮಂಟಪದ ಸುತ್ತ ಕಣ್ಣಾಡಿಸಿದೆ. ನಾನು ಎಲ್ಲರಿಗಿಂತ ಮೊದಲು ಉಡಿ ತುಂಬಬೇಕಾಗಿದ್ದ ಹೆಂಗಸು ಅಲ್ಲಿರಲಿಲ್ಲ.