ಡಾಕ್ಟರ್ ಕಸಿಮಿರೊ ಸುರಿದ ಎರಡು ಬಾಟಲಿ

ಬೆಟ್ಟದ ಕೆಳಗಿನ ಕರನಾವಿಯಲ್ಲಿ ಕಸಿಮಿರೊ ಚಿಪಾನ ಯಾರೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಡಾಕ್ಟ್ರು’ ಎಂದರೆ ಸಾಕು, ಬಾಳೆಹಣ್ಣು ಮಾರುವ ಮುದುಕಿಯೂ ಬೆರಳು ಚಾಚಿ ಮನೆ ತೋರಿಸುತ್ತಾಳೆ. ಅವನು ಜನ್ಮದಲ್ಲಿ ಯಾರ ನಾಡಿಯನ್ನೂ ಹಿಡಿದವನಲ್ಲ. ಮೂವತ್ತೊಂದು ವರ್ಷ ಮಿನಿಬಸ್ಸು ಓಡಿಸಿದವನು. ಅವನ ಬಿಳಿ ಮಿನಿಬಸ್ಸು ಆರು ಲಕ್ಷ ಕಿಲೋಮೀಟರು ಓಡಿದೆ, ಎಂಜಿನ್ ಒಂದು ಸಲವೂ ಬಿಚ್ಚಿಲ್ಲ, ಎಲ್ಲ ಬಾಟಲಿ ಮದ್ದಿನ ಮಹಿಮೆ ಎಂಬುದೇ ಅವನ ಕೀರ್ತಿ. ಎಂಜಿನ್ ಎಣ್ಣೆಗೆ ಬೆರೆಸುವ ಆ ಮದ್ದು ಜೇನಿನಷ್ಟು ಮಂದ, ಬಣ್ಣವೂ ಜೇನಿನದೇ.

“ಸವೆದ ಕಬ್ಬಿಣ ಇದನ್ನ ಕುಡಿದ್ರೆ ಮತ್ತೆ ಬೆಳೀತದೆ ಕಣ್ರೋ, ಉಗುರು ಬೆಳೆದಂಗೆ,” ಎಂದು ಅವನು ಹೇಳಿದಾಗ ಕೇಳುವವರು ಒಮ್ಮೆ ತಮ್ಮ ಉಗುರು ನೋಡಿಕೊಂಡು ತಲೆಯಾಡಿಸುತ್ತಿದ್ದರು.

ಹೀಗಿರುವಾಗ ಬೆಟ್ಟದ ಮೇಲಿನ ಚಳಿಯೂರು ಎಲ್ ಆಲ್ಟೊದ ಫ್ರೊಯ್ಲಾನ್ ಯುಹ್ರಾ ಒಂದು ಹಳೆಯ ಮಿನಿಬಸ್ಸು ಕೊಂಡ. ಅವನೂ ಕಸಿಮಿರೊನೂ ಹರೆಯದಲ್ಲಿ ಒಂದೇ ಬ್ಯಾರಕ್ಕಿನಲ್ಲಿ ಸೈನ್ಯದ ನೀರುಗಂಜಿ ಕುಡಿದ ಗೆಳೆಯರು. ಬಂಡಿ ಕೊಂಡ ಮೇಲೆ ಇಗರ್ಜಿಯ ಮುಂದೆ ಹರಸಿಸಬೇಕು, ಅದಕ್ಕೊಬ್ಬ ಧರ್ಮಪಿತ ಬೇಕಲ್ಲ. ಫ್ರೊಯ್ಲಾನ್ ಬೇರೆ ಯಾರನ್ನೂ ಯೋಚಿಸಲೇ ಇಲ್ಲ. ಡಾಕ್ಟ್ರನ್ನೇ ಕರೆದ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಕಂಪಾದ್ರೆ’, ಎಂದರೆ ಧರ್ಮಬೀಗರು; ಮನೆಯ ಹೆಂಗಸಾದರೆ ‘ಕೊಮಾದ್ರೆ’.

ಆ ಬಂಡಿಯ ಹೊಗೆಯ ಮಾತು ಬೇರೆಯೇ. ಸರೋವರದ ದಡದ ಕೋಪಕಬಾನಾದ ಇಗರ್ಜಿಯ ಕಡೆಗೆ ಅದು ಹೊರಟ ದಿನ, ದಾರಿಯಲ್ಲಿ ಮೂರು ಹಳ್ಳಿಯ ಹೆಂಗಸರು ಮೋಡ ಕವಿಯಿತೆಂದು ಒಣಹಾಕಿದ ಬಟ್ಟೆ ಒಳಗೆ ತಂದರಂತೆ. ಎಂಜಿನ್ ಒಳಗಿನ ಬಡಿತ ಕೇಳಿದರೆ ಯಾರೋ ಅಡಗಿ ಕೂತು ತಗಡು ತಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು.

ಜೂನ್ ತಿಂಗಳು, ಆ ಕಡೆ ಚಳಿಗಾಲ. ನಡುಹಗಲು ಮಾತ್ರ ಬಿಸಿಲು. ಪಾದ್ರಿ ನೀರು ಚಿಮುಕಿಸಿ ಹೋದರು. ಬಂಡಿಗೆ ಹೂವಿನ ಹಾರ ಬಿತ್ತು, ಬಣ್ಣದ ಕಾಗದದ ಚೂರು ಬಿತ್ತು. ಫ್ರೊಯ್ಲಾನನ ಹೆಂಡತಿ ಬಸಿಲಿಯಾ ಚಕ್ರಗಳಿಗೆ ಶುಭವೆಂದು ಸುರಿಯುವ ಬಿಯರ್ ಬಾಟಲಿ ಮುಂದೆ ಚಾಚಿದಳು. “ನೀವೇ ಮೊದಲು ಹುಯ್ಯಿರಿ, ಕಂಪಾದ್ರೆ. ಧರ್ಮಪಿತರಲ್ವಾ.”

“ಬಿಯರ್ ಚಕ್ರಕ್ಕೆ, ಕೊಮಾದ್ರೆ. ಹೊಟ್ಟೆಗೆ ಇದು,” ಎಂದು ಕಸಿಮಿರೊ ಜೇಬಿನಿಂದ ಎರಡು ಬಾಟಲಿ ತೆಗೆದ. ಒಂದೇ ಸಾಕೆಂದು ಬಾಟಲಿಯ ಮೇಲೆ ಬರೆದಿತ್ತು. ಆದರೆ ನಲವತ್ತು ಜನ ನೋಡುತ್ತಿರುವಾಗ ಧರ್ಮಪಿತ ಒಂದಕ್ಕೇ ನಿಲ್ಲುವುದೇ? ಎರಡನ್ನೂ ಎಂಜಿನ್ನಿಗೆ ಬಗ್ಗಿಸಿದ.

ಹತ್ತು ನಿಮಿಷ ಬಿಸಿಲಲ್ಲಿ ಎಂಜಿನ್ ಓಡಿತು. ಹೊಗೆ ತೆಳುವಾಯಿತು, ತಗಡು ತಟ್ಟುವವನು ಊಟಕ್ಕೆ ಎದ್ದು ಹೋದ. ಜನ ಚಪ್ಪಾಳೆ ತಟ್ಟಿದರು. ಕಸಿಮಿರೊನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿ ಹಾರಿ ಸರೋವರದ ಆಚೆ ದಡಕ್ಕೆ ಬಿದ್ದಿರಬೇಕು.

ಸಂಜೆ ಎಲ್ ಆಲ್ಟೊ ತಲುಪಿದರು. ಅಲ್ಲಿಯ ಚಾಲಕರಿಗೆಲ್ಲ ಒಂದು ಅಭ್ಯಾಸವಿದೆ: ಬಂಡಿ ನಿಲ್ಲಿಸಿದೊಡನೆ ಎಂಜಿನ್ನಿಗೆ ಕಂಬಳಿ ಹೊದಿಸುವುದು, ಬೆಳಿಗ್ಗೆ ಎಣ್ಣೆ ತೊಟ್ಟಿಯ ಕೆಳಗೆ ತಟ್ಟೆಯಲ್ಲಿ ಕೆಂಡ ಇಡುವುದು. ಫ್ರೊಯ್ಲಾನ್ ಕಂಬಳಿ ತಂದ. ಕಸಿಮಿರೊಗೆ ನಗು ತಡೆಯಲಾಗಲಿಲ್ಲ.

“ಹಂಗೇ ಒಂದು ತೊಟ್ಟಿಲೂ ಕಟ್ಟು, ಕಂಪಾದ್ರೆ. ಜೋಗುಳ ನಾನು ಹಾಡ್ತೀನಿ. ಒಳಗೆ ನನ್ನ ಮದ್ದಿದೆ, ನಿನ್ನ ಕಂಬಳಿ ಯಾಕೆ?”

ಕರನಾವಿಯ ಸೆಕೆಯಲ್ಲಿ ಕಂಬಳಿ ಎಂಬುದನ್ನು ಜನ ಚಿತ್ರದಲ್ಲಿ ಮಾತ್ರ ನೋಡಿರುತ್ತಾರೆ. ಫ್ರೊಯ್ಲಾನ್ ನಾಚಿ ಕಂಬಳಿ ಒಳಗಿಟ್ಟ.

ಬೆಳಗಾಯಿತು. ಚಳಿ ಎಂಥದೆಂದರೆ, ಕೂಗಲು ಕೊಕ್ಕು ತೆರೆದ ಹುಂಜ ಅದನ್ನು ಮುಚ್ಚಲು ಬಿಸಿಲೇರುವವರೆಗೆ ಕಾಯಬೇಕಿತ್ತು. ಫ್ರೊಯ್ಲಾನ್ ಕೀಲಿ ತಿರುಗಿಸಿದ. ಎಂಜಿನ್ ನರಳುತ್ತ ಎದ್ದಿತು. ಎಣ್ಣೆಯ ಕೆಂಪು ದೀಪ ಆರಲಿಲ್ಲ.

“ದೀಪ ಆರ್ತಿಲ್ಲ, ಕಂಪಾದ್ರೆ.”

“ಆಕ್ಸಿಲರೇಟರ್ ಒತ್ತು! ಜೋರಾಗಿ ಒತ್ತು! ಮದ್ದು ಮೇಲೆ ಏರ್ಲಿ!”

ಒತ್ತಿದ. ತೊಟ್ಟಿಯ ತಳದಲ್ಲಿ ಗಟ್ಟಿಯಾಗಿ ಕುಳಿತ ಎಣ್ಣೆ ಏರಲಿಲ್ಲ, ಏರಿದ್ದು ಸದ್ದು. ತಗಡು ತಟ್ಟುವವನು ಈಗ ಸುತ್ತಿಗೆ ಹಿಡಿದು ಬಂದಿದ್ದ.

ಮೆಕ್ಯಾನಿಕ್ ನೆಮೆಸಿಯೊ ಬಂದು ತೊಟ್ಟಿ ಬಿಚ್ಚಿದ. ಎಣ್ಣೆಯಲ್ಲಿ ಬೆರಳದ್ದಿ ಎತ್ತಿದ. ಪಾಕದ ಎಳೆಯಂತೆ ಅದು ಬೆರಳಿನ ಜೊತೆಗೇ ಬಂತು, ಎಳೆಯ ತುಂಬ ಮಿನುಗುವ ಲೋಹದ ಪುಡಿ.

“ಯಾವ ಮಿಠಾಯಿ ಅಂಗಡಿಯವನು ಹಾಕಿದ್ದು ಇದನ್ನ?”

“ಹುಷಾರಾಗಿ ಮಾತಾಡಪ್ಪ,” ಎಂದ ಫ್ರೊಯ್ಲಾನ್. “ನಮ್ಮ ಕಂಪಾದ್ರೆ ಹಾಕಿದ್ದು. ಡಾಕ್ಟ್ರು.”

ಪಕ್ಕದಲ್ಲೇ ನಿಂತಿದ್ದ ಡಾಕ್ಟ್ರು ಮೋಡ ನೋಡತೊಡಗಿದರು. ಆ ದಿನ ಮೋಡವೇ ಇರಲಿಲ್ಲ.

“ವಿಷ ಅಂತ ನಾನು ಹೇಳಲ್ಲ,” ಎಂದ ನೆಮೆಸಿಯೊ. “ಸೆಕೆ ಊರಲ್ಲಿ ಎಣ್ಣೆ ಕುಡಿಯೋ ಹಳೇ ಎಂಜಿನ್ನಿಗೆ ಸ್ವಲ್ಪ ಹಾಕಿದ್ರೆ ಹೊಗೆ ಕಮ್ಮಿ ಆಗತ್ತೆ, ಸದ್ದು ಅಡಗತ್ತೆ. ಅಡಗತ್ತೆ ಅಷ್ಟೇ. ಸವೆದು ಹೋದದ್ದು ವಾಪಸ್ ಬರಲ್ಲ. ಇಲ್ಲಿ ಚಳಿಗೆ ಇದು ಅಂಟಾಗತ್ತೆ. ಎಣ್ಣೆ ಮೇಲೇರೋದ್ರೊಳಗೆ ಬೇರಿಂಗು ಒಣಗಿ ಉಜ್ಜಿಹೋಗಿದೆ. ಎಂಜಿನ್ ಇಳಿಸ್ಬೇಕು.”

“ನಂದೇ ತಪ್ಪು,” ಎಂದಳು ಬಸಿಲಿಯಾ. “ಭೂಮಿತಾಯಿ ನೈವೇದ್ಯಕ್ಕೆ ಅಗ್ಗದ ಸಕ್ಕರೆ ಅಚ್ಚು ಇಟ್ಟೆ. ಅವಳಿಗೆ ಗೊತ್ತಾಗ್ದೆ ಇರತ್ತಾ?”

“ನಿಂದಲ್ಲ, ನಂದು. ಬಂಡೀನ ನಮ್ಮನ್ನ ಕಾಯೋ ಬೆಟ್ಟಕ್ಕೆ ಬೆನ್ನು ಹಾಕಿ ನಿಲ್ಲಿಸ್ದೆ,” ಎಂದ ಫ್ರೊಯ್ಲಾನ್.

ಗಂಡ ಹೆಂಡತಿ ತಪ್ಪಿಗಾಗಿ ಕಿತ್ತಾಡುತ್ತಿದ್ದರು. ತಪ್ಪಿನ ಯಜಮಾನ ಬಗ್ಗಿ ಬೂಟಿನ ದಾರ ಬಿಗಿಯುತ್ತಿದ್ದ. ಬಸಿಲಿಯಾ ಬಿಸಿ ಚೈರೊ ಸಾರು ತಂದು, ಧರ್ಮಪಿತನೆಂದು ಮೊದಲ ಬಟ್ಟಲು ಅವನ ಕೈಗೇ ಕೊಟ್ಟಳು. ಒಳ್ಳೇ ಮಾಂಸದ ತುಂಡೂ ಅವನಿಗೇ.

ಅಷ್ಟರಲ್ಲಿ ಫ್ರೊಯ್ಲಾನ್ ಎದ್ದು ನಿಂತ. “ಎಂಜಿನ್ ಇಳಿಸೋದೇನೂ ಬೇಡ. ತೊಟ್ಟಿ ಮುಚ್ಚು. ಕಂಪಾದ್ರೆ ಬಂಡಿ ಆರು ಲಕ್ಷ ಓಡಿದೆ, ಒಂದು ಬೋಲ್ಟೂ ಬಿಚ್ಚಿಲ್ಲ. ಎರಡು ಬಾಟ್ಲಿ ಸಾಲ್ಲಿಲ್ಲ ಅಂತ ಕಾಣತ್ತೆ, ಇನ್ನೂ ನಾಲ್ಕು ಹಾಕೋಣ. ನಾಳಿದ್ದು ಮದುವೆ ದಿಬ್ಬಣ ಇದೆ, ಹದಿನಾಲ್ಕು ಜನ, ಯುಂಗಾಸ್ ಕಣಿವೆಗೆ ಇಳಿಬೇಕು.”

“ಇಳಿಜಾರಲ್ಲಿ ಎಂಜಿನ್ ನಿಂತ್ರೆ ಬ್ರೇಕ್ ಕಲ್ಲಾಗತ್ತೆ, ಹಿಡಿಯಲ್ಲ, ಗೊತ್ತಲ್ವಾ?” ಎಂದ ನೆಮೆಸಿಯೊ.

“ಕಂಪಾದ್ರೆ ಎಂಜಿನ್ ನಿಂತಿದೆಯಾ? ಕೇಳು, ಇಲ್ಲೇ ಇದ್ದಾನೆ!”

ಎಲ್ಲರೂ ಕಸಿಮಿರೊ ಕಡೆ ತಿರುಗಿದರು. ಯುಂಗಾಸ್ ದಾರಿ ಅವನಿಗೆ ಕಣ್ಣು ಕಟ್ಟಿದರೂ ಗೊತ್ತು. ಒಂದೊಂದು ತಿರುವಿನಲ್ಲಿ ಉರುಳಿ ಸತ್ತವರಿಗೆ ನೆಟ್ಟ ಶಿಲುಬೆಗಳೂ ಗೊತ್ತು. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ.

“ನನ್ನ ಎಂಜಿನ್ ಬಿಚ್ಚಿದೆ,” ಎಂದ.

“ಏನಂದೆ?”

“ಬಿಚ್ಚಿದೆ. ಎರಡು ವರ್ಷ ಆಯ್ತು. ನಮ್ಮೂರಲ್ಲಾದ್ರೆ ಗೊತ್ತಾಗತ್ತೆ ಅಂತ ಗುವಾನಾಯ್‌ಗೆ ಎಳೆಸ್ಕೊಂಡು ಹೋಗಿದ್ದೆ. ರಿಂಗು ಹೊಸದು, ಬೇರಿಂಗು ಹೊಸದು. ಮದ್ದಿಂದ ಏನೂ ಬೆಳೀಲಿಲ್ಲ, ಕಂಪಾದ್ರೆ. ನನ್ನ ಬಾಯಿ ಬೆಳೀತು, ಅಷ್ಟೇ. ಚಿಕ್ಕಮ್ಮ ತೀರಿಕೊಂಡ್ಳು ಅಂತ ಎಲ್ರಿಗೂ ಹೇಳಿದ್ನಲ್ಲ, ಆಗ.”

ಬಸಿಲಿಯಾ ಸೌಟು ಕೆಳಗಿಟ್ಟಳು. “ಅವರಿಗೆ ನಾನು ಒಂಬತ್ತು ದಿನ ಮೇಣದಬತ್ತಿ ಹಚ್ಚಿದ್ದೆ.”

“ಬದುಕಿದ್ದಾಳೆ, ಕೊಮಾದ್ರೆ. ಕೋಳಿ ಸಾಕ್ಕೊಂಡಿದ್ದಾಳೆ.”

ನೆಮೆಸಿಯೊ ನಗು ನುಂಗಲು ಬಂಡಿಯ ಕೆಳಗೆ ನುಸುಳಿದ. ಫ್ರೊಯ್ಲಾನ್ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಕಸಿಮಿರೊಗೆ ಒಂದು ಉಪಕಾರವಾಗುತ್ತಿತ್ತು. ಫ್ರೊಯ್ಲಾನ್ ಒಳಗೆ ಹೋಗಿ ಕಂಬಳಿ ತಂದು, ಕೆಟ್ಟ ಎಂಜಿನ್ನಿನ ಮೇಲೆ ಮೆಲ್ಲಗೆ ಹೊದಿಸಿ, “ದಿಬ್ಬಣದವರಿಗೆ ಬೇರೆ ಬಂಡಿ ನೋಡ್ಕೊಳ್ಳಿ ಅಂತ ಹೇಳಿ ಬರ್ತೀನಿ,” ಎಂದು ಹೊರಟ.

ಕಸಿಮಿರೊ ಊರಿಗೆ ಹೋಗಲಿಲ್ಲ. ಹನ್ನೊಂದು ದಿನ ನೆಮೆಸಿಯೊನ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಎಂಜಿನ್ನಿನ ಒಂದೊಂದು ಭಾಗವನ್ನೂ ಡೀಸೆಲ್‌ನಲ್ಲಿ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ. ದಿನವೂ ಮಧ್ಯಾಹ್ನ ಬಸಿಲಿಯಾ ಸಾರು ತಂದು ಮೊದಲ ಬಟ್ಟಲು ಅವನಿಗೇ ಕೊಡುತ್ತಿದ್ದಳು. ಧರ್ಮಪಿತನಾದವನು ಸಾಯುವವರೆಗೂ ಧರ್ಮಪಿತನೇ. ರಾಜೀನಾಮೆ ಕೊಡುವ ಕಚೇರಿ ಎಲ್ಲೂ ಇಲ್ಲ. ಅವನು ತಲೆ ತಗ್ಗಿಸಿ ಕುಡಿಯುತ್ತಿದ್ದ.

ಹನ್ನೆರಡನೇ ದಿನ ಹೊಸ ಬೇರಿಂಗು ಕೂತು ಎಂಜಿನ್ ಮೆತ್ತಗೆ ಮಾತಾಡಿತು. ಬಂಡಿಗೆ ಮತ್ತೆ ಹಾರ, ಮತ್ತೆ ಬಣ್ಣದ ಕಾಗದ. ಇಡೀ ಬೀದಿಯ ಚಾಲಕರು ಸೇರಿದ್ದರು. ಸುದ್ದಿ ಅವರಿಗಿಂತ ಮೊದಲೇ ಬಂದು ಕೂತಿತ್ತು. ಕಸಿಮಿರೊ ಎಲ್ಲರ ಹಿಂದೆ, ಗೋಡೆಯ ಬಣ್ಣವೇ ಆಗಿ ನಿಂತಿದ್ದ. ಬಸಿಲಿಯಾ ಹುಡುಕಿಕೊಂಡು ಬಂದು ಬಿಯರ್ ಬಾಟಲಿಯನ್ನು ಅವನ ಕೈಗಿತ್ತಳು.

“ನೀವೇ ಮೊದಲು, ಕಂಪಾದ್ರೆ.”

ಅವನು ಬಂಡಿಯ ಹತ್ತಿರ ಹೋದ. ಎಂಜಿನ್ನಿನ ಎಣ್ಣೆ ಮುಚ್ಚಳಕ್ಕೆ ಫ್ರೊಯ್ಲಾನ್ ಅಂಗೈ ಅಡ್ಡ ಇಟ್ಟು ನಿಂತಿದ್ದ.

“ಹೊರಗೆ, ಕಂಪಾದ್ರೆ,” ಎಂದ ಫ್ರೊಯ್ಲಾನ್. “ಹೊರಗಡೆಗೆ ಹುಯ್ಯಿ.”

ಬೀದಿಯೆಲ್ಲ ಗೊಳ್ಳೆಂದಿತು. ಕಿವಿಯ ತುದಿಯವರೆಗೆ ಕೆಂಪಾದ ಕಸಿಮಿರೊ ಮಂಡಿಯೂರಿ, ಒಂದು ಹನಿಯೂ ಬೇರೆಡೆ ಬೀಳದಂತೆ, ನಾಲ್ಕು ಚಕ್ರಕ್ಕೂ ಬಿಯರ್ ಸುರಿದ.